ಬಣ್ಣ ನಂಬುವವರು, ಬಲ್ಬು ನಂಬುವವರು

ಫ್ಲೋರಿಡಾದ ಗಲ್ಫ್ ಕರಾವಳಿಯ ಉಪ್ಪುನೀರಾಗಲಿ, ಮಲ್ಪೆಯ ಉಪ್ಪುನೀರಾಗಲಿ, ತಾಮ್ರಕ್ಕೆ ಮಾಡುವ ಕೆಡುಕು ಒಂದೇ. ವಯರಿನ ಸಿಪ್ಪೆ ಸುಲಿದರೆ ಒಳಗಿನ ಎಳೆಗಳು ಕಪ್ಪಗಾಗಿರುತ್ತವೆ, ವಯರಿನ ತುದಿಗೆ ಕೂರಿಸುವ ಲೋಹದ ಲಗ್ಗಿನ ಬುಡದಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತದೆ. ಕಾಯಿಲೆ ಒಂದೇ ಆದರೂ ಇಲ್ಲಿ ಫ್ಲೋರಿಡಾದವರು ಕೆಲಸಕ್ಕೆ ಕೈಹಾಕುವ ಬಗೆಯೇ ಬೇರೆ, ನಮ್ಮ ಕರಾವಳಿಯ ಎಲೆಕ್ಟ್ರಿಷಿಯನ್ ಕೈಹಾಕುವ ಬಗೆಯೇ ಬೇರೆ. ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಸ್ವಿಚ್ಚಿನಿಂದ ಎತ್ತಿ ಇಳಿಸುವ ವ್ಯವಸ್ಥೆಯೇ ಪವರ್ ಟಿಲ್ಟ್-ಟ್ರಿಮ್. ಹಳೆಯ ಎಂಜಿನ್ನುಗಳಲ್ಲಿ ಅದರ ವಯರಿಂಗ್ ಮಟ್ಟಿಗೆ ನನ್ನ ಅನಿಸಿಕೆ ಇಷ್ಟು: ದೋಷ ಹುಡುಕುವುದರಲ್ಲಿ ನಮ್ಮವರ ದಾರಿ ಸರಿ, ವಯರ್ ಜೋಡಿಸುವುದರಲ್ಲಿ ಇಲ್ಲಿಯವರ ದಾರಿ ಸರಿ.

ನಮ್ಮ ನಾಡದೋಣಿಗಳಲ್ಲಿ ಓಡುವ ಸೀಮೆಎಣ್ಣೆ ಎಂಜಿನ್‌ಗಳಿಗೆ ಈ ವ್ಯವಸ್ಥೆಯೇ ಬೇಕಿಲ್ಲ. 9.9 ಅಶ್ವಶಕ್ತಿಯ ಎಂಜಿನ್ 40 ಕಿಲೋ ಆಸುಪಾಸು ತೂಗುತ್ತದೆ. ದಡಕ್ಕೆ ಬಂದಾಗ ಒಬ್ಬರೇ ಕೈಯಲ್ಲಿ ಎತ್ತಿ ಓರೆ ಮಾಡುತ್ತಾರೆ. ಎಂಜಿನ್ ನೂರು ಕಿಲೋ ದಾಟಿದ ಮೇಲೆ ಕೈ ಸಾಲದು. ಆಗ 12 ವೋಲ್ಟಿನ ಮೋಟಾರು ಪುಟ್ಟ ಪಂಪನ್ನು ತಿರುಗಿಸಿ, ಎಣ್ಣೆಯ ಒತ್ತಡದಿಂದ ಸಿಲಿಂಡರಿನ ರಾಡನ್ನು ಹೊರಗೆ ತಳ್ಳುತ್ತದೆ. ಮೋಟಾರು ಉಲ್ಟಾ ತಿರುಗಿದರೆ ಎಂಜಿನ್ ಇಳಿಯುತ್ತದೆ. ಅಂದರೆ ವಯರಿಂಗ್ ಮಾಡಬೇಕಾದದ್ದು ಒಂದೇ ಕೆಲಸ, ಒಂದೇ ಮೋಟಾರನ್ನು ಎರಡು ದಿಕ್ಕಿಗೂ ತಿರುಗಿಸುವುದು.

ಇಲ್ಲಿ ಮೊದಲು ತೆರೆಯುವುದು ಸರ್ವಿಸ್ ಪುಸ್ತಕ. ಮೋಟಾರಿಗೆ ಹೋಗುವ ದಪ್ಪ ವಯರುಗಳು ನೀಲಿ ಮತ್ತು ಹಸಿರು. ಸ್ವಿಚ್ಚಿನಿಂದ ಬರುವ ಸಣ್ಣ ವಯರುಗಳು ಮರ್ಕ್ಯುರಿ ಕಂಪನಿಯ ಎಂಜಿನ್ನಿನಲ್ಲಿ ಬಿಳಿ ಪಟ್ಟೆಯ ನೀಲಿ ಮತ್ತು ಬಿಳಿ ಪಟ್ಟೆಯ ಹಸಿರು, ಯಮಹಾದಲ್ಲಿ ಆಕಾಶನೀಲಿ ಮತ್ತು ತಿಳಿಹಸಿರು. ನೀಲಿ ಮೇಲಕ್ಕೆ, ಹಸಿರು ಕೆಳಕ್ಕೆ. ಹೊಸ ಎಂಜಿನ್ನಾದರೆ ಇಷ್ಟು ಸಾಕು. ಮೂವತ್ತು ವರ್ಷ ಹಳೆಯ ಎಂಜಿನ್ನಿನಲ್ಲಿ ಹಿಂದಿನ ನಾಲ್ಕು ಮಾಲೀಕರು ಕೈಗೆ ಸಿಕ್ಕ ಬಣ್ಣದ ವಯರ್ ತುಂಡು ಸೇರಿಸಿರುತ್ತಾರೆ. ಬಿಸಿಲಿಗೆ ಆಕಾಶನೀಲಿಯೂ ತಿಳಿಹಸಿರೂ ಒಂದೇ ಬೂದುಬಣ್ಣಕ್ಕೆ ತಿರುಗಿರುತ್ತವೆ. ಪುಸ್ತಕ ನಂಬಿ ಕೂಡಿಸಿದವರು ಇಲ್ಲೇ ಎಡವುವುದು.

ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಮೋಟಾರಿನಿಂದ ಎಷ್ಟು ವಯರ್ ಹೊರಬಂದಿದೆ ಎಂದು. ಹಳೆಯ ಕೆಲವು ಮೋಟಾರುಗಳಲ್ಲಿ ಮೂರು ಇರುತ್ತವೆ: ನೀಲಿ, ಹಸಿರು, ಕಪ್ಪು. ಇವುಗಳ ಒಳಗೆ ಎರಡು ದಿಕ್ಕಿಗೆ ಎರಡು ಫೀಲ್ಡ್ ಸುರುಳಿ. ಕಪ್ಪು ವಯರ್ ಸದಾ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ; ನೀಲಿಗೆ ಕರೆಂಟು ಕೊಟ್ಟರೆ ಒಂದು ದಿಕ್ಕು, ಹಸಿರಿಗೆ ಕೊಟ್ಟರೆ ಇನ್ನೊಂದು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ದಾರಿ ತೆರೆಯುವ ಸೊಲೆನಾಯ್ಡ್ ಎಂಬ ಸ್ವಿಚ್ಚು, ಸಾದಾ ಬಗೆಯದು, ಎರಡು ಸಾಕು. ಎರಡೇ ವಯರಿದ್ದರೆ ಒಳಗಿರುವುದು ಶಾಶ್ವತ ಅಯಸ್ಕಾಂತ. ದಿಕ್ಕು ಬದಲಾಗಬೇಕಾದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಬೇಕು. ಮೂರು ವಯರಿನ ಹಳೆಯ ಮೋಟಾರು ತೆಗೆದು ಎರಡು ವಯರಿನ ಹೊಸದನ್ನು ಕೂರಿಸಿ, ಹಳೆಯ ಸೊಲೆನಾಯ್ಡುಗಳನ್ನೇ ಉಳಿಸಿಕೊಂಡರೆ ಟಕ್ ಟಕ್ ಸದ್ದು ಬರುತ್ತದೆ, ಮೋಟಾರು ಮಾತ್ರ ಅಲುಗುವುದಿಲ್ಲ. ನೀಲಿಗೆ ಪ್ಲಸ್ ಬಂದಾಗ ಹಸಿರು ಗ್ರೌಂಡಿಗೆ ಸೇರಿರುವುದೇ ಇಲ್ಲ, ಕರೆಂಟು ವಾಪಸು ಹೋಗಲು ದಾರಿಯಿಲ್ಲ.

ಎರಡು ವಯರಿನ ಮೋಟಾರಿಗೆ ಐದು ಕಾಲಿನ ರಿಲೇ ಎರಡು ಬೇಕು. ರಿಲೇಯೂ ಸಣ್ಣ ಕರೆಂಟಿನಿಂದ ಎಳೆಯುವ ಸ್ವಿಚ್ಚೇ. ಕಾಲುಗಳ ಮೇಲೆ ನಂಬರು ಅಚ್ಚಾಗಿರುತ್ತದೆ. 85, 86 ಸುರುಳಿಯ ಕಾಲುಗಳು; ರಿಲೇ ಸುಮ್ಮನಿದ್ದಾಗ 30 ಸೇರಿರುವುದು 87ಎಗೆ, ಎಳೆದಾಗ 87ಕ್ಕೆ. ಒಂದು ರಿಲೇಯ 30 ಮೋಟಾರಿನ ನೀಲಿಗೆ, ಇನ್ನೊಂದರ 30 ಹಸಿರಿಗೆ. ಎರಡರ 87 ಕೂಡ ಫ್ಯೂಸ್ ದಾಟಿ ಬಂದ ಬ್ಯಾಟರಿ ಪ್ಲಸ್ಸಿಗೆ, ಎರಡರ 87ಎ ಕೂಡ ಗ್ರೌಂಡಿಗೆ. 85 ಗ್ರೌಂಡಿಗೆ, 86ಕ್ಕೆ ಸ್ವಿಚ್ಚಿನ ವಯರ್, ಒಂದಕ್ಕೆ ಮೇಲಿನದು, ಇನ್ನೊಂದಕ್ಕೆ ಕೆಳಗಿನದು. ಸ್ವಿಚ್ ಬಿಟ್ಟಾಗ ಮೋಟಾರಿನ ಎರಡು ತುದಿಯೂ ಗ್ರೌಂಡಿಗೇ ಸೇರಿರುತ್ತವೆ. ತಪ್ಪಿ ಎರಡೂ ರಿಲೇ ಒಟ್ಟಿಗೆ ಎಳೆದರೆ ಎರಡು ತುದಿಗೂ ಪ್ಲಸ್ ಬರುತ್ತದೆ, ಮೋಟಾರು ನಿಲ್ಲುತ್ತದೆ ಅಷ್ಟೇ, ಶಾರ್ಟ್ ಆಗುವುದಿಲ್ಲ. ಇಷ್ಟು ಸರಳವಾಗಿ ಇಷ್ಟು ಸುರಕ್ಷಿತವಾದ ಜೋಡಣೆ ಇರುವಾಗ, ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲೇ ಮೋಟಾರಿನ ಪೂರ್ತಿ ಕರೆಂಟು ಹರಿಸುವುದು ತಪ್ಪು. ರಿಲೇಯ ಸುರುಳಿ ಒಂದು ಆಂಪಿಯರಿನ ಆರನೇ ಒಂದು ಪಾಲನ್ನೂ ಎಳೆಯುವುದಿಲ್ಲ, ಮೋಟಾರು ಭಾರ ಎತ್ತುವಾಗ 40 ಆಂಪಿಯರ್ ಎಳೆದರೂ ಅಚ್ಚರಿಯಿಲ್ಲ. ಅಂಗಡಿಯಲ್ಲಿ ಸಿಗುವ 40 ಆಂಪಿಯರ್ ರಿಲೇಯಲ್ಲಿ 87ಎ ಕಡೆಯ ಸಂಪರ್ಕದ ತಾಳಿಕೆ ಸಾಮಾನ್ಯವಾಗಿ 30 ಮಾತ್ರ. ವಾಪಸು ಬರುವ ಕರೆಂಟೆಲ್ಲ ಅದರ ಮೂಲಕವೇ ಹೋಗುವುದರಿಂದ ಮೊದಲು ಸುಡುವುದೂ ಅದೇ. ರಿಲೇ ಕೊಳ್ಳುವಾಗ ಆ ಚಿಕ್ಕ ಅಂಕಿಯನ್ನೇ ನೋಡಬೇಕು.

ಇನ್ನು ದೋಷ ಹುಡುಕುವುದು. ಇಲ್ಲಿಯವರು ಡಿಜಿಟಲ್ ಮೀಟರ್ ಇಟ್ಟು, 12.6 ವೋಲ್ಟ್ ತೋರಿಸಿತೆಂದು ವಯರಿಂಗ್ ಸರಿಯಿದೆ ಅನ್ನುತ್ತಾರೆ, ಮೋಟಾರು ಹೋಗಿದೆಯೆಂದು ಹೊಸದು ತರಿಸುತ್ತಾರೆ. ನಮ್ಮವರು ಸ್ಕೂಟರಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಕಟ್ಟಿಕೊಂಡು ಬರುತ್ತಾರೆ. ನೋಡಲು ಒರಟು ಕೆಲಸ, ಆದರೆ ಇದೇ ಸರಿ. ಮೀಟರಿನ ಒಳಗಿನ ತಡೆ 10 ಮೆಗಾಓಮ್ ಇರುವುದರಿಂದ ಅದು ಕರೆಂಟನ್ನೇ ಎಳೆಯುವುದಿಲ್ಲ; ಇಪ್ಪತ್ತು ಎಳೆ ಕಿಲುಬು ತಿಂದು ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬು ಪೌಣೆ ಎರಡು ಆಂಪಿಯರ್ ಕೇಳುತ್ತದೆ. ಜಾಯಿಂಟು ಕೊಳೆತಿದ್ದರೆ ಕೆಂಪಗೆ ಮಿಣುಕುತ್ತದೆ, ಇಲ್ಲವೇ ಹತ್ತುವುದೇ ಇಲ್ಲ.

ಬಲ್ಬಿಗೂ ಮಿತಿಯಿದೆ. ಜಾಯಿಂಟಿನಲ್ಲಿ 0.1 ಓಮ್ ತಡೆಯಿದ್ದರೆ ಬಲ್ಬು ಚೆನ್ನಾಗಿಯೇ ಉರಿಯುತ್ತದೆ, ಆದರೆ 40 ಆಂಪಿಯರಿನಲ್ಲಿ ಅಲ್ಲೇ 4 ವೋಲ್ಟ್ ಕಳೆದುಹೋಗುತ್ತದೆ. ಆಗ ಬೇಕಾಗುವುದು ಮೀಟರೇ, ಬಳಸುವ ರೀತಿ ಮಾತ್ರ ಬೇರೆ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿ ರಿಲೇಯ 87ಕ್ಕೆ ಇಟ್ಟು, ಎಂಜಿನ್ ಎತ್ತುವ ಸ್ವಿಚ್ ಒತ್ತಿ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ನಡುವೆ ಎಲ್ಲೋ ತೊಂದರೆಯಿದೆ. ಗ್ರೌಂಡ್ ಕಡೆಗೂ ಹೀಗೇ ನೋಡಿ: ಕೆಂಪು ಕಡ್ಡಿ 87ಎಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ. ಗ್ರೌಂಡ್ ಕಡೆ ನೋಡದೆ ಬಿಡುವವರೇ ಜಾಸ್ತಿ. ಎಂಜಿನ್ ಬ್ರಾಕೆಟ್ಟಿನ ಮೇಲಿನ ಬೋಲ್ಟಿನ ಅಡಿ ಬಣ್ಣವೂ ತುಕ್ಕೂ ಸೇರಿ ಅರ್ಧ ದೋಷಗಳು ಅಲ್ಲೇ ಕುಳಿತಿರುತ್ತವೆ.

ಜೋಡಣೆಯ ವಿಷಯದಲ್ಲಿ ನಮ್ಮ ರೂಢಿಯನ್ನು ಸಮರ್ಥಿಸಲು ಮನಸ್ಸು ಬರುವುದಿಲ್ಲ. ಎಳೆಗಳನ್ನು ಹೊಸೆದು ಇನ್ಸುಲೇಶನ್ ಟೇಪು ಸುತ್ತಿದರೆ ಟೇಪಿನ ಒಳಗೆ ಉಪ್ಪುನೀರು ನಿಲ್ಲುತ್ತದೆ, ಬಿಸಿಲಿಗೆ ಅಂಟು ಕರಗಿ ಟೇಪು ಜಾರುತ್ತದೆ. ಬೆಸುಗೆ ಹಾಕಿದರೂ ಸಾಲದು. ಸೀಸ ಹೀರಿದ ಜಾಗದಲ್ಲಿ ವಯರ್ ಕಡ್ಡಿಯಂತೆ ಬಿಗಿಯಾಗುತ್ತದೆ, ಅದರ ಅಂಚಿನಲ್ಲೇ ಎಂಜಿನ್ ನಡುಕಕ್ಕೆ ತುಂಡಾಗುತ್ತದೆ. ಅಮೆರಿಕದಲ್ಲಿ ಬೋಟ್ ವಯರಿಂಗಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಎಬಿವೈಸಿ ಬೆಸುಗೆಯೊಂದನ್ನೇ ನೆಚ್ಚಬಾರದು ಅನ್ನುವುದು ಇದಕ್ಕೇ. ತವರ ಲೇಪಿಸಿದ ತಾಮ್ರದ ಎಳೆವಯರ್, ಅಳತೆಗೆ ಸರಿಯಾದ ಲಗ್, ಒಳಗೆ ಅಂಟಿನ ಪದರವಿರುವ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್, ಲಗ್ಗನ್ನು ವಯರಿಗೆ ಅದುಮಿ ಬಿಗಿಯಲು, ಅಂದರೆ ಕ್ರಿಂಪ್ ಮಾಡಲು, ಕಟಿಂಗ್ ಪ್ಲೇಯರ್ ಅಲ್ಲ, ಕ್ರಿಂಪಿಂಗ್ ಟೂಲ್. ಸ್ಲೀವ್ ಕಾಯಿಸಿದಾಗ ಎರಡೂ ಬಾಯಿಂದ ಅಂಟು ಸಣ್ಣ ಉಂಗುರದಂತೆ ಹೊರಗೆ ಇಣುಕಬೇಕು. ಇಣುಕಿದರೆ ಮಾತ್ರ ನೀರಿಗೆ ದಾರಿ ಮುಚ್ಚಿತು ಎಂದು ತಿಳಿಯಬೇಕು.

ದಪ್ಪದ ಲೆಕ್ಕವೂ ಅಷ್ಟೇ. ಮನೆ ವಯರಿಂಗಿನ 4 ಚದರ ಮಿಲಿಮೀಟರ್ ವಯರ್ ಕೈಗೆ ದಪ್ಪವೆನಿಸುತ್ತದೆ. ಬ್ಯಾಟರಿ 6 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 12 ಮೀಟರ್. 40 ಆಂಪಿಯರಿನಲ್ಲಿ ಸುಮಾರು 2.2 ವೋಲ್ಟ್ ವಯರಿನಲ್ಲೇ ಕಳೆಯುತ್ತದೆ. 10 ಚದರ ಮಿಲಿಮೀಟರಿಗೆ ಹೋದರೆ ನಷ್ಟ 0.9ಕ್ಕೆ ಇಳಿಯುತ್ತದೆ. ಫ್ಯೂಸ್ ರಿಲೇಯ ಹತ್ತಿರವಲ್ಲ, ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸ್ ಕಾಯುವುದು ವಯರನ್ನು.

ಮೋಟಾರು ಕೆಟ್ಟಾಗ ಇಲ್ಲಿಯವರು ತೋರುವ ಅವಸರ ನನಗೆ ಒಪ್ಪಿಗೆಯಿಲ್ಲ. ಎರಡು ಸ್ಕ್ರೂ ಬಿಚ್ಚಿ ಒಳಗೆ ನೋಡದೆ ಕಸಕ್ಕೆ ಹಾಕುತ್ತಾರೆ. ಬಹಳ ಸಲ ಸವೆದಿರುವುದು ಕಾರ್ಬನ್ ಬ್ರಷ್ ಅಷ್ಟೇ. ಉಡುಪಿ ಕುಂದಾಪುರ ಕಡೆಯ, ಮೋಟಾರು ರಿಪೇರಿ ಮಾಡುವ ಆರ್ಮೇಚರ್ ಅಂಗಡಿಯವರಾದರೆ ಬ್ರಷ್ ಹಾಕಿ, ಬ್ರಷ್ ತಾಗುವ ತಾಮ್ರದ ಕಾಮ್ಯುಟೇಟರಿಗೆ ನಯವಾದ ಮರಳುಕಾಗದ ಉಜ್ಜಿ, ಆಯಿಲ್ ಸೀಲ್ ಬದಲಿಸಿ ಕೊಟ್ಟುಬಿಡುತ್ತಾರೆ. ಒಳಗಿನ ಕವಚ ತುಕ್ಕು ಹಿಡಿದು ಅಯಸ್ಕಾಂತ ಕಳಚಿದ್ದರೆ ಮಾತ್ರ ಹೊಸದು ಬೇಕು. ಕೂರಿಸುವಾಗ ಮೋಟಾರಿಗೂ ಪಂಪಿಗೂ ನಡುವಿನ ರಬ್ಬರ್ ಓ-ರಿಂಗ್ ಹೊಸದೇ ಇರಲಿ.

ಮೋಟಾರು ತಿರುಗುತ್ತಿದ್ದು ಎಂಜಿನ್ ಏಳದಿದ್ದರೆ ವಯರನ್ನು ಮುಟ್ಟಬೇಡಿ; ಕೈಯಿಂದ ಎತ್ತಲೆಂದಿರುವ ರಿಲೀಸ್ ಸ್ಕ್ರೂ ತೆರೆದಿರಬಹುದು, ಎಣ್ಣೆ ಕಡಿಮೆಯಿರಬಹುದು. ಎಣ್ಣೆಯ ಮುಚ್ಚಳ ಬಿಚ್ಚುವುದು ಎಂಜಿನ್ ಪೂರ್ತಿ ಮೇಲಿದ್ದಾಗ ಮಾತ್ರ. ಕೆಳಗಿರುವಾಗ ಬಿಚ್ಚಿದರೆ ಒತ್ತಡದ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ಬ್ರಾಕೆಟ್ಟಿನ ಟಿಲ್ಟ್ ಲಾಕ್ ಹಾಕಿ, ಅದನ್ನೊಂದನ್ನೇ ನಂಬದೆ ಗಟ್ಟಿಮರದ ತುಂಡೊಂದನ್ನೂ ಊರುಗೋಲಾಗಿ ಕೊಟ್ಟ ಮೇಲೆಯೇ ಕೆಳಗೆ ಕೈ ಹಾಕಬೇಕು.

ಎಲ್ಲ ಮುಗಿದ ಮೇಲೆ ಮೇಲಿನ ಸ್ವಿಚ್ ಒತ್ತಿದಾಗ ಎಂಜಿನ್ ಇಳಿದರೆ ರಿಲೇ ಕಡೆ ಏನನ್ನೂ ಬಿಚ್ಚಬೇಡಿ. ಮೋಟಾರಿನ ನೀಲಿ ಹಸಿರು ಎರಡನ್ನು ಅದಲುಬದಲು ಮಾಡಿ, ಮಾಡಿದ್ದೇನೆಂದು ಎಂಜಿನ್ ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ಬರೆದಿಡಿ.