ಲಂಡನ್ನಿನ ಕರಾರು, ಬೆಂಗಳೂರಿನ ಕೇಬಲ್

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಮೊದಲು ಕೇಳುವುದು ಮನೆಯ ಇಂಟರ್ನೆಟ್ಟಿಗೆ ಬಿಟಿ ಕಂಪನಿ ಒಳ್ಳೆಯದೋ ಸ್ಕೈ ಒಳ್ಳೆಯದೋ ಎಂದು. ಇವೆರಡೂ, ಜೊತೆಗೆ ಪ್ಲಸ್‌ನೆಟ್ಟೂ, ಬಹುಪಾಲು ಮನೆಗಳಿಗೆ ಬರುವುದು ಓಪನ್‌ರೀಚ್ ಎಂಬ ಕಂಪನಿಯ ತಂತಿಯ ಮೇಲೆಯೇ. ತಂತಿ ಕೆಟ್ಟರೆ ರಿಪೇರಿಗೆ ಬರುವವರೂ ಓಪನ್‌ರೀಚ್‌ನವರೇ. ಹಾಗಾಗಿ ಪೋಸ್ಟ್‌ಕೋಡ್ ಹಾಕಿ ಮೊದಲು ತಿಳಿಯಬೇಕಾದದ್ದು ಫೈಬರ್ ಮನೆಯೊಳಗೇ ಬರುತ್ತದೋ, ಬೀದಿಯ ಪೆಟ್ಟಿಗೆಗೇ ನಿಂತು ಅಲ್ಲಿಂದ ತಾಮ್ರವಾಗುತ್ತದೋ ಎಂಬುದನ್ನು. ತಾಮ್ರವಾದರೆ ಡೌನ್‌ಲೋಡ್ ಹೆಚ್ಚೆಂದರೆ 80 ಎಂಬಿಪಿಎಸ್, ಅಪ್‌ಲೋಡ್ 20. ಪೆಟ್ಟಿಗೆ ಒಂದು ಕಿಲೋಮೀಟರ್ ದೂರವಿದ್ದರೆ ಅದರ ಅರ್ಧವೂ ಸಿಗದು.

ಬೆಂಗಳೂರಿನಲ್ಲಿ ಈ ಲೆಕ್ಕ ಬೇರೆ. ಫೈಬರ್ ನೇರ ಮನೆಗೇ ಬರುತ್ತದೆ, ನೂರರ ಪ್ಲ್ಯಾನ್ ಎಂದರೆ ಸಾಮಾನ್ಯವಾಗಿ ಅಪ್‌ಲೋಡೂ ನೂರೇ. ಊರಿನ ಅಪ್ಪ ಅಮ್ಮನೊಂದಿಗೆ ವಿಡಿಯೋ ಕಾಲ್ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಆ ಫೈಬರ್ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಜೋತಾಡುತ್ತದೆ. ಕೊಂಬೆ ಬಿದ್ದರೆ ಮೋಡೆಮ್ಮಿನ ಲಾಸ್ (ಸಿಗ್ನಲ್ ಹೋಯಿತೆನ್ನುವ) ದೀಪ ಕೆಂಪಗೆ ಮಿನುಗುತ್ತದೆ. ಆಗ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಫಲವಿಲ್ಲ, ಯಾರಾದರೂ ಬಂದು ತುಂಡಾದ ಫೈಬರನ್ನು ಬೆಸೆಯಬೇಕು (ಸ್ಪ್ಲೈಸ್). ಆದ್ದರಿಂದ ಅಲ್ಲಿ ಪ್ಲ್ಯಾನ್ ನೋಡುವ ಮೊದಲು ಅದೇ ಬೀದಿಯ ನಾಲ್ಕು ಮನೆಗಳಲ್ಲಿ ವಿಚಾರಿಸಿ: ಕಳೆದ ಮಳೆಗಾಲದಲ್ಲಿ ಲೈನ್ ಹೋದಾಗ ಎಷ್ಟು ಹೊತ್ತಿಗೆ ಬಂದರು? ವರ್ಷದ ದುಡ್ಡು ಒಟ್ಟಿಗೇ ಕಟ್ಟಿದರೆ ಅಗ್ಗ ನಿಜ, ಆದರೆ ಮೊದಲ ಮೂರು ತಿಂಗಳು ನೋಡಿಯೇ ಕಟ್ಟಿ. ಜಾಹೀರಾತಿನ 800 ರೂಪಾಯಿಗೆ ಶೇ. 18 ಜಿಎಸ್‌ಟಿ ಸೇರಿ 944 ಆಗುತ್ತದೆ. ಕರೆಂಟ್ ಹೋದಾಗಲೂ ಮೋಡೆಮ್ ಓಡಲು 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಜೊತೆಗೇ ಕೊಳ್ಳಿ. ಕೊಳ್ಳುವ ಮೊದಲು ಮೋಡೆಮ್ಮಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟೂ ಆಂಪಿಯರೂ ಹೊಂದುತ್ತವೆಯೇ ನೋಡಿ.

ಇಂಗ್ಲೆಂಡಿನಲ್ಲಿ ಜೇಬಿಗೆ ಕತ್ತರಿ ಬೀಳುವುದು ಕರಾರಿನಲ್ಲಿ. 24 ತಿಂಗಳ ಕರಾರು ಸಾಮಾನ್ಯ. 2025ರ ಜನವರಿ 17ರಿಂದ ಹೊಸ ಕರಾರುಗಳಲ್ಲಿ ನಡುವೆ ದರ ಎಷ್ಟು ಏರಿಸುತ್ತಾರೆ ಎಂಬುದನ್ನು ಪೌಂಡು ಪೆನ್ಸ್ ಲೆಕ್ಕದಲ್ಲೇ ಬರೆಯಬೇಕೆಂದು ಅಲ್ಲಿಯ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ಕಟ್ಟುನಿಟ್ಟು ಮಾಡಿದೆ. ಆ ಸಾಲು ಓದಿ ಕೂಡಿಸಿ. ಡಿಸೆಂಬರಿನಲ್ಲಿ 28 ಪೌಂಡಿಗೆ ಹಾಕಿಸಿ, ಪ್ರತಿ ಏಪ್ರಿಲ್‌ಗೆ 3 ಪೌಂಡ್ ಏರುವುದಾದರೆ ನಾಲ್ಕು ತಿಂಗಳು 28, ಹನ್ನೆರಡು ತಿಂಗಳು 31, ಉಳಿದ ಎಂಟು ತಿಂಗಳು 34. ಒಟ್ಟು 756 ಪೌಂಡ್. ಜಾಹೀರಾತಿನ ದರದಲ್ಲಿ 672 ಆಗಬೇಕಿತ್ತು. ಏರಿಕೆಯಿಲ್ಲದ 30 ಪೌಂಡಿನ ಕರಾರು ಇದಕ್ಕಿಂತ ಅಗ್ಗ.

ಇಲ್ಲಿಯದರಲ್ಲಿ ನನಗೆ ಮನಸಾರೆ ಮೆಚ್ಚುಗೆಯಾದದ್ದು 2024ರ ಸೆಪ್ಟೆಂಬರ್ 12ರಂದು ಬಂದ ಒನ್ ಟಚ್ ಸ್ವಿಚ್. ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದನ್ನು ಅವರೇ ಬಿಡಿಸುತ್ತಾರೆ. ಹಳೆಯ ಖಾತೆಯಲ್ಲಿ ಹೆಂಡತಿಯ ಹೆಸರಿದ್ದು ಹೊಸದಕ್ಕೆ ಗಂಡನ ಹೆಸರು ಕೊಟ್ಟರೆ ಮಾತ್ರ ತಾಳೆಯಾಗದೆ ಸಿಕ್ಕಿಕೊಳ್ಳುತ್ತದೆ. ಹಳೆಯದನ್ನು ಅವಸರಪಟ್ಟು ನೀವೇ ರದ್ದು ಮಾಡಬೇಡಿ, ಲ್ಯಾಂಡ್‌ಲೈನ್ ನಂಬರ್ ಕಳೆದುಹೋಗಬಹುದು. ನಮ್ಮ ದೇಶದಲ್ಲಿ ಮೊಬೈಲ್ ನಂಬರ್ ಪೋರ್ಟಿಂಗ್ (ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವುದು) 2011ರಲ್ಲೇ ದೇಶವ್ಯಾಪಿಯಾಯಿತು. ಮನೆಯ ಬ್ರಾಡ್‌ಬ್ಯಾಂಡಿಗೂ ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ ಅಂಥ ಅನುಕೂಲ ತರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊಬೈಲ್ ಕಂಪನಿ ಬದಲಿಸುವುದು ಎರಡೂ ಕಡೆ ಒಂದು ಎಸ್‌ಎಂಎಸ್‌ನ ಕೆಲಸ. ಊರಲ್ಲಿ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ. ಹೊಸ ಕಂಪನಿಗೆ ಕೊಡಲೆಂದು ಬರುವ ಕೋಡ್ ಕರ್ನಾಟಕದಲ್ಲಿ ನಾಲ್ಕೇ ದಿನ ಬಾಳುತ್ತದೆ. ಇಂಗ್ಲೆಂಡಿನಲ್ಲಿ ಪಿಎಸಿ ಎಂಬ ಮೂರು ಇಂಗ್ಲಿಷ್ ಅಕ್ಷರ 65075ಕ್ಕೆ. ಆ ಕೋಡಿಗೆ 30 ದಿನ ಆಯಸ್ಸು.