ಹಾಡಿನ ಮಾತು ಕಿವಿಗೆ ಬೀಳಬೇಕು

ಹೋದ ವರ್ಷ ನಮ್ಮ ಸೀಮೆಯ ಒಂದು ಉತ್ಸವದ ಕರಪತ್ರದಲ್ಲಿ ‘ಸುಗಮ ಸಂಗೀತ, ಸಂಜೆ 7ಕ್ಕೆ’ ಎಂದು ಅಚ್ಚಾಗಿದ್ದನ್ನು ನೋಡಿ, ಶಿವಮೊಗ್ಗದಿಂದ ಬಸ್ಸು ಹಿಡಿದು ಹೋಗಿದ್ದೆ. ಉದ್ಘಾಟನೆ, ಸ್ವಾಗತ, ಅತಿಥಿಗಳ ಮಾತು, ಸನ್ಮಾನ ಎಲ್ಲ ಮುಗಿದು ಹಾಡುವ ಹುಡುಗಿ ವೇದಿಕೆ ಹತ್ತುವಾಗ ಒಂಬತ್ತೂ ಮುಕ್ಕಾಲು ಆಗಿತ್ತು. ತಬಲಾ ಇರಲಿಲ್ಲ, ಹಾರ್ಮೋನಿಯಂ ಇರಲಿಲ್ಲ. ಮೊಬೈಲಿನಿಂದ ಟ್ರ್ಯಾಕ್ ಹಾಕಿದರು. ಎಕೋ ಎಷ್ಟಿತ್ತೆಂದರೆ ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಂದು ಕೂರುತ್ತಿತ್ತು. ಒತ್ತಕ್ಷರಗಳಂತೂ ಒಂದೂ ಉಳಿಯಲಿಲ್ಲ. ನಾಲ್ಕು ದಶಕಗಳಿಂದ ನನಗೆ ಬಾಯಿಪಾಠವಾಗಿರುವ ಕವಿತೆಯದು. ಆದರೂ ಎರಡನೆಯ ಚರಣದಲ್ಲಿ ಅವಳು ಎಲ್ಲಿದ್ದಾಳೆಂದು ನನಗೆ ತಿಳಿಯದೆ ಹೋಯಿತು. ಎರಡು ಹಾಡಾಗುತ್ತಿದ್ದಂತೆ ಆರ್ಕೆಸ್ಟ್ರಾದವರು ಕಾಯುತ್ತಿದ್ದಾರೆಂದು ನಿರೂಪಕರು ಅವಳ ಕೈಗೆ ನೆನಪಿನ ಕಾಣಿಕೆ ಕೊಟ್ಟು ಕಳುಹಿಸಿದರು. ಕವಿಯ ಹೆಸರನ್ನಾಗಲಿ ಸಂಗೀತ ಸಂಯೋಜಕರ ಹೆಸರನ್ನಾಗಲಿ ಯಾರೂ ಹೇಳಲಿಲ್ಲ. ಆ ಹುಡುಗಿಯ ಕಂಠ ನಿಜವಾಗಿ ಚೆನ್ನಾಗಿತ್ತು. ಅಂದಿನಿಂದ ಮನಸ್ಸಿನಲ್ಲಿ ಕುಳಿತಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಭಾವಗೀತೆ ಮೊದಲು ಕವಿತೆ, ಆಮೇಲೆ ಹಾಡು. ಹಾಡುವವರು ‘ಸಾಹಿತ್ಯ ಸ್ಪಷ್ಟವಾಗಿರಲಿ’ ಎಂದು ಶಿಷ್ಯರಿಗೆ ಹೇಳುವುದು ಈ ಕಾರಣಕ್ಕೇ. ಒಂದು ರಾಗದ ಆಲಾಪವನ್ನು ಪದವೇ ಇಲ್ಲದೆ ಗಂಟೆಗಟ್ಟಲೆ ಕೇಳಿ ಸುಖಪಡಬಹುದು. ಭಾವಗೀತೆಯಲ್ಲಿ ಪದ ಕಳೆದುಹೋದರೆ ಉಳಿಯುವುದು ಬರಿಯ ಧಾಟಿ. ರೇಡಿಯೋ ಇರಲಿ, ಕ್ಯಾಸೆಟ್ ಇರಲಿ, ಉತ್ಸವದ ವೇದಿಕೆ ಇರಲಿ, ನಾನು ಅದನ್ನು ಅಳೆಯುವುದು ಕವಿಯ ಮಾತು ಕೇಳುವವರ ಕಿವಿಯವರೆಗೆ ಬಂತೇ ಎಂಬ ಒಂದೇ ಪ್ರಶ್ನೆಯಿಂದ.

ನನ್ನ ಕಿವಿ ತಯಾರಾದದ್ದು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ. ದೀಪಾವಳಿ ಕಳೆದು ಅಡಿಕೆ ಗೊನೆಯ ಕೊಯ್ಲು ಶುರುವಾಯಿತೆಂದರೆ ಸಂಜೆಯಿಂದ ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಹಸಿ ಅಡಿಕೆಯ ಒಗರು ವಾಸನೆ, ಅಂಗಳದಲ್ಲಿ ಒಲೆಯ ಮೇಲೆ ಹಂಡೆಯಲ್ಲಿ ಬೇಯುವ ಅಡಿಕೆಯ ಹಬೆ, ಸಿಪ್ಪೆ ಸೀಳುವ ಕಚಕ್ ಕಚಕ್ ಸದ್ದು. ಅಪ್ಪಯ್ಯ ಕಿಟಕಿಯ ಸರಳಿಗೆ ರೇಡಿಯೋ ನೇತುಹಾಕುತ್ತಿದ್ದರು. ಸೆಲ್ಲು ಸೊರಗಿದ್ದರೆ ಹಗಲು ಅಡಿಕೆಯ ಜೊತೆಗೆ ಅದನ್ನೂ ಬಿಸಿಲಿಗಿಟ್ಟು, ರಾತ್ರಿ ಇನ್ನೊಂದು ಗಂಟೆ ದುಡಿಸಿಕೊಳ್ಳುತ್ತಿದ್ದರು. ಸುಲಿಯುವ ಕೂಲಿ ಅಳತೆಯ ಲೆಕ್ಕದಲ್ಲಿ; ಕೈ ನಿಂತರೆ ಕಾಸು ನಿಂತಂತೆ. ಹಾಗಿದ್ದರೂ ಕೆಲವು ಹಾಡುಗಳ ಕೆಲವು ಸಾಲುಗಳಿಗೆ ಸಾಲಿನ ಅಷ್ಟೂ ಕತ್ತಿಗಳ ಸದ್ದು ತಾನಾಗಿಯೇ ತಗ್ಗುತ್ತಿತ್ತು. ನಮ್ಮ ಮನೆಗೆ ಸುಲಿಯಲು ಬರುತ್ತಿದ್ದ ಒಬ್ಬ ಅಜ್ಜಿ, ಅಕ್ಷರ ಕಲಿತವರಲ್ಲ, ‘ಅಳಬೇಡ ತಂಗಿ ಅಳಬೇಡ’ ಬಂದಾಗ ಅಡಿಕೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೂರುತ್ತಿದ್ದರು. ಹಾಡು ಮುಗಿದ ಮೇಲೆ, ‘ತಂಗಿ, ಇದನ್ನು ಕಟ್ಟಿದವರು ಯಾರೆಂದು ಹೇಳಿದರಾ?’ ಎಂದು ನನ್ನನ್ನು ಕೇಳುತ್ತಿದ್ದರು. ನಾನು, ‘ಶರೀಫ ಸಾಹೇಬರು, ಅಜ್ಜಿ’ ಎನ್ನುತ್ತಿದ್ದೆ. ಪ್ರತಿ ಸಲವೂ ಕೇಳುತ್ತಿದ್ದರು, ಪ್ರತಿ ಸಲವೂ ಹೇಳುತ್ತಿದ್ದೆ.

ನಾನು ಹೇಳಬಲ್ಲವಳಾಗಿದ್ದು ರೇಡಿಯೋದವರು ಹೇಳುತ್ತಿದ್ದುದರಿಂದ. ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ಹೆಸರಾದ ಭದ್ರಾವತಿ, ಘಟ್ಟದ ಮೇಲಿನ ನಮ್ಮಂಥವರಿಗೆ ಮುಖ್ಯವಾಗಿ ಆಕಾಶವಾಣಿಯ ಊರು. ಸಾಹಿತ್ಯ ಇವರದು, ಸಂಗೀತ ಸಂಯೋಜನೆ ಇವರದು, ಹಾಡಿದವರು ಇವರು ಎಂದು ಉದ್ಘೋಷಕರು ನಿಧಾನವಾಗಿ, ಕವಿಯ ಹೆಸರನ್ನೇ ಮೊದಲಿಟ್ಟು ಹೇಳುತ್ತಿದ್ದ ಆ ಒಂದು ವಾಕ್ಯವೇ ನನಗೆ ಕನ್ನಡ ಕಾವ್ಯದ ಮೊದಲ ಪಾಠ. ಬೇಂದ್ರೆ, ಕೆ. ಎಸ್. ನರಸಿಂಹಸ್ವಾಮಿ, ನಮ್ಮ ಶಿಕಾರಿಪುರದಲ್ಲಿ ಹುಟ್ಟಿದ ಜಿ. ಎಸ್. ಶಿವರುದ್ರಪ್ಪ, ಇವರೆಲ್ಲ ಶಾಲೆಯ ಪಠ್ಯದಲ್ಲಿ ಸಿಗುವ ಮೊದಲೇ ನನಗೆ ಜಗಲಿಯಲ್ಲಿ ಪರಿಚಯವಾಗಿದ್ದರು.

ಇದರಲ್ಲಿ ಮೀಡಿಯಂ ವೇವ್‌ನ ಪಾಲೂ ದೊಡ್ಡದು. ಭದ್ರಾವತಿಯ 675 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 444 ಮೀಟರ್. ಅದು ನೆಲವನ್ನು ಹಿಡಿದು, ಗುಡ್ಡವನ್ನು ಬಳಸಿಕೊಂಡು ಕಣಿವೆಯೊಳಗಿನ ಮನೆಗೂ ಬರಬಲ್ಲದು. ಅಲ್ಲಿಯದೇ 103.5 ಮೆಗಾಹರ್ಟ್ಸ್ ಎಫ್‌ಎಂ ತರಂಗದ ಉದ್ದ 3 ಮೀಟರಿಗೂ ಕಡಿಮೆ. ಅದು ಹೆಚ್ಚುಕಡಿಮೆ ನೇರವಾಗಿ ಹೋಗುವಂಥದ್ದು, ನಡುವೆ ಗುಡ್ಡ ಬಂದರೆ ಅಲ್ಲಿಗೇ ಸೋಲುತ್ತದೆ. ಶಿವಮೊಗ್ಗದ ನನ್ನ ಈಗಿನ ಮನೆಯಲ್ಲಿ ಎಫ್‌ಎಂ ಗಂಟೆಯಂತೆ ಕೇಳಿಸುತ್ತದೆ. ತಗ್ಗಿನಲ್ಲಿರುವ ಊರ ಮನೆಯಲ್ಲಿ ಬರಿಯ ಸುಯ್ ಎನ್ನುತ್ತದೆ. ಮೀಡಿಯಂ ವೇವ್‌ನಲ್ಲಿ ಗುಡುಗಿನ ಕರಕರ ಇತ್ತು, ನಿಜ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಂತೂ ಆಗುಂಬೆಯ ಕಡೆ ಮಿಂಚಿದರೆ ನಮ್ಮ ರೇಡಿಯೋದಲ್ಲಿ ಸಿಡಿಯುತ್ತಿತ್ತು. ಆದರೆ ಅದರ ದನಿಯ ಪಟ್ಟಿ (ಬ್ಯಾಂಡ್) ಕಿರಿದು. ತೀರಾ ಕೆಳಗಿನ ಧಮಧಮ, ತೀರಾ ಮೇಲಿನ ಝಣಝಣ ಎರಡೂ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸುವುದು ಮುಖ್ಯವಾಗಿ ಮನುಷ್ಯನ ಕಂಠ. ಹಾಗಾಗಿ ಎಲ್ಲ ಕೊರತೆಗಳ ನಡುವೆಯೂ ನಮ್ಮ ಜಗಲಿಗೆ ತಪ್ಪದೆ ತಲುಪುತ್ತಿದ್ದದ್ದು ಹಾಡಿನ ಮಾತು.

ಮಲೆನಾಡಿನಲ್ಲಿ ಈ ಕಿವಿಯ ಅಭ್ಯಾಸಕ್ಕೆ ರೇಡಿಯೋಗಿಂತ ಹಳೆಯ ಬೇರೂ ಇದೆ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ, ಮತ್ತೂರಿನ ಜೋಡಿಯಂತಿರುವ ಹೊಸಹಳ್ಳಿ ಗಮಕದ, ಎಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರು. ಗಮಕಕ್ಕೆ ತಾಳವಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಪದಗಳು ಗಣವನ್ನೂ ಸಾಲನ್ನೂ ದಾಟಿ ಹರಿಯುತ್ತವೆ. ಛಂದಸ್ಸು ನಿಲ್ಲಿಸಿದಲ್ಲಿ ನಿಂತರೆ ಅರ್ಥ ಮುರಿಯುತ್ತದೆ. ಗಮಕಿ ಅರ್ಥವನ್ನು ನೋಡಿ ಪದ ಬಿಡಿಸುತ್ತಾರೆ, ಸಂದರ್ಭವನ್ನು ನೋಡಿ ರಾಗ ಹಿಡಿಯುತ್ತಾರೆ, ರಾಗ ಎಂದೂ ಮಾತಿನ ಮುಂದೆ ಹೋಗಿ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಈ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಭಾವಗೀತೆ ಹಾಡಬೇಕೆನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದು, ಆರು ತಿಂಗಳು ಗಮಕ ಕೇಳಿ ಬನ್ನಿ ಎಂದು.

ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ನನಗೆ ಕೇಳಿಸುವುದು ಇದೇ ಗುಣ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಅವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು; ಕನ್ನಡ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಸಂದದ್ದು ಅದೇ ಮೊದಲು. ಆ ಹಾಡಿನಲ್ಲಿ ಓಟವಿದೆ, ಏರುದನಿಯಿದೆ. ಅಷ್ಟು ವೇಗದಲ್ಲೂ ಕಂಬಾರರ ಪದಗಳಲ್ಲಿ ಒಂದೂ ಮುಗ್ಗರಿಸುವುದಿಲ್ಲ. 2022ರ ಆಗಸ್ಟ್‌ನಲ್ಲಿ ಸುಬ್ಬಣ್ಣನವರು ಹೋದ ಸುದ್ದಿ ಬಂದ ದಿನ ಹೊರಗೆ ಜಡಿಮಳೆ. ನಾನು ಬಾಗಿಲು ಹಾಕಿಕೊಂಡು ಅವರ ಕಂಠವನ್ನೇ ಕೇಳುತ್ತ ಕುಳಿತಿದ್ದೆ.

ಇನ್ನು ಕ್ಯಾಸೆಟ್ಟುಗಳು. ನನ್ನ ಜೀವದ ಕ್ಯಾಸೆಟ್ ಯಾವುದೆಂದು ಯಾರೇ ಕೇಳಲಿ, ‘ನಿತ್ಯೋತ್ಸವ’ ಎನ್ನುತ್ತೇನೆ. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ, ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ‘ಜೋಗದ ಸಿರಿ ಬೆಳಕಿನಲ್ಲಿ’ ಎಂದು ಶುರುವಾಗುವ ಹಾಡನ್ನು ರಾಜ್ಯೋತ್ಸವದಲ್ಲಿ ಹಾಡದ ಶಾಲೆ ಇರಲಾರದು. ಆದರೆ ಅದರಲ್ಲಿ ಸಹ್ಯಾದ್ರಿಯನ್ನು ಹೇಳುವಾಗ ಕವಿ ‘ಲೋಹದದಿರ’ ಎಂಬ ಪದವನ್ನು ಏಕೆ ತಂದರೆಂದು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ? ನಿಸಾರ್ ಅವರು ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ನಾವು ಹಸಿರು ನೋಡುವ ಬೆಟ್ಟದಲ್ಲಿ ಅವರ ಕಣ್ಣು ಅದಿರನ್ನೂ ನೋಡಿತು. ಅನಂತಸ್ವಾಮಿಯವರು ಆ ಬಿಗಿಯಾದ ಸಂಧಿಪದವನ್ನು ಎಲ್ಲಿಯೂ ಎಳೆದಾಡದೆ, ಪುಟ್ಟ ಮಕ್ಕಳ ನಾಲಿಗೆಗೂ ಹೊರಳುವಂತೆ ಧಾಟಿಯಲ್ಲಿ ಕೂರಿಸಿದ್ದಾರೆ. ಆ ಒಂದು ಪದವನ್ನು ಕೂರಿಸಿದ ಬಗೆಗಾಗಿಯೇ ನಾನು ಅವರಿಗೆ ಕೈಮುಗಿಯುತ್ತೇನೆ.

ನಮ್ಮ ಮನೆಗೆ ಆ ಕ್ಯಾಸೆಟ್ ಬಂದದ್ದು 1984ರಲ್ಲಿ, ಟೇಪ್ ರೆಕಾರ್ಡರ್ ಜೊತೆಗೆ. ಮಲೆನಾಡಿನ ಮಳೆಗಾಲ ಕ್ಯಾಸೆಟ್ಟಿಗೆ ಶತ್ರು. ಆಷಾಢ ಕಳೆಯುವಷ್ಟರಲ್ಲಿ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುತ್ತಿತ್ತು, ಪ್ಲಾಸ್ಟಿಕ್ಕಿನ ಪುಟ್ಟ ಕಿಟಕಿಯಿಂದಲೇ ಕಾಣುತ್ತಿತ್ತು. ಹಾಗೇ ಹಾಕಿದರೆ ಹಾಡು ನೀರೊಳಗಿನಿಂದ ಬಂದಂತೆ ಬರುತ್ತಿತ್ತು, ಟೇಪಿನ ಹೆಡ್ಡೂ ಕೊಳೆಯಾಗುತ್ತಿತ್ತು. ಅಮ್ಮ ಹಳೆಯ ಮೆತ್ತನೆಯ ಪಂಚೆಯ ತುಂಡಿನ ನಡುವೆ ಟೇಪನ್ನು ಹಿಡಿದು, ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ಗಜಗಟ್ಟಲೆ ಒರೆಸಿ, ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಕವಿ, ಸಂಯೋಜಕರು, ಗಾಯಕರ ಹೆಸರುಗಳಿದ್ದ ಒಳಗಿನ ಚೀಟಿಯನ್ನು ಮಾತ್ರ ಬೇರೆ ತೆಗೆದು ದೇವರ ಪುಸ್ತಕಗಳ ನಡುವೆ ಇಡುತ್ತಿದ್ದರು. ಕ್ಯಾಸೆಟ್ ಯಾವತ್ತೋ ಹೋಯಿತು. ಚೀಟಿ ನನ್ನ ಹತ್ತಿರ ಈಗಲೂ ಇದೆ, ಅಕ್ಕಿಯ ಪುಡಿಯ ಕಲೆಯ ಸಮೇತ.

ಆ ಚೀಟಿಯ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು ಮೊನ್ನೆ. ತಂಗಿಯ ಮಗಳು, ಕಾಲೇಜಿನ ಹುಡುಗಿ, ಮೊಬೈಲಿನಲ್ಲಿ ‘ಯಾವ ಮೋಹನ ಮುರಳಿ’ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಯಾರು ಬರೆದದ್ದೆಂದು ಕೇಳಿದೆ. ‘ಅಮೆರಿಕಾ ಅಮೆರಿಕಾ ಸಿನಿಮಾದ್ದಲ್ವಾ ದೊಡ್ಡಮ್ಮ, ಸಿನಿಮಾಕ್ಕೆ ಬರೆದಿರ್ತಾರೆ’ ಎಂದಳು. ತಪ್ಪು ಅವಳದಲ್ಲ. ಅವಳು ತೋರಿಸಿದ ಪರದೆಯ ಮೇಲೆ ಚಿತ್ರದ ಹೆಸರು, ಹಾಡಿದವರ ಹೆಸರು ಇದ್ದವು. ಕವಿ ಎಲ್ಲೂ ಇರಲಿಲ್ಲ. ‘ಇದು ಗೋಪಾಲಕೃಷ್ಣ ಅಡಿಗರ ಕವಿತೆ, ಪುಟ್ಟಿ, ಅವರು ನಮ್ಮ ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು’ ಎಂದೆ. ಅವಳು ಹಾಡನ್ನು ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದಳು. ಮನೋಮೂರ್ತಿಯವರ ಸಂಗೀತದಲ್ಲಿ ಆ ಹಾಡು ಹೊಸ ತಲೆಮಾರಿಗೆ ತಲುಪಿದ್ದು ನನಗೆ ಸಂತೋಷದ ವಿಷಯವೇ. ಹಾಡು ತಲುಪಿಯೂ ಕವಿ ದಾರಿಯಲ್ಲೇ ಉಳಿದದ್ದು ನೋವಿನ ವಿಷಯ.

ಉತ್ಸವಗಳಿಗೆ ಮತ್ತೆ ಬರುತ್ತೇನೆ. ದೊಡ್ಡ ಜನಸಂದಣಿಯಲ್ಲಿ ಇದೆಲ್ಲ ಸಾಧ್ಯವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2005ರಲ್ಲಿ ಸಿ. ಅಶ್ವತ್ಥ್ ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಮೈದಾನ ತುಂಬಿ ಚೆಲ್ಲುವಷ್ಟು ಜನ ಬಂದದ್ದು ಕನ್ನಡದ ಕವಿತೆಗಳನ್ನು ಕೇಳುವುದಕ್ಕೇ. ಅಶ್ವತ್ಥ್ ಅವರ ದನಿ ಎಷ್ಟು ಎತ್ತರಕ್ಕೇರಿದರೂ ವ್ಯಂಜನಗಳು ಕಲ್ಲಿನ ಮೇಲೆ ಕೆತ್ತಿದಂತೆ ಇರುತ್ತಿದ್ದವು. ಹೆಗ್ಗೋಡಿನ ನೀನಾಸಂ ನಾಟಕಗಳಲ್ಲಿ ಒಂದು ಹಾರ್ಮೋನಿಯಂ, ಒಂದು ತಾಳವಾದ್ಯದ ಜೊತೆ ನಟರೇ ಹಾಡುವ ಹಾಡಿನ ಮಾತು ಕೊನೆಯ ಸಾಲಿನವರೆಗೂ ಬರುತ್ತದೆ. ಕೊರತೆ ಇರುವುದು ಜನರಲ್ಲಿಯೂ ಅಲ್ಲ, ಯಂತ್ರಗಳಲ್ಲಿಯೂ ಅಲ್ಲ; ಆಯೋಜಿಸುವವರು ಹಾಡನ್ನು ಎರಡು ಸನ್ಮಾನಗಳ ನಡುವಿನ ಬಿಡುವೆಂದು ತಿಳಿದಿರುವುದರಲ್ಲಿ. ಸುಗಮ ಸಂಗೀತಕ್ಕೆ ಸಂಜೆಯ ಮೊದಲ ಒಂದು ಗಂಟೆಯನ್ನು ಬಿಟ್ಟುಕೊಡಲಿ. ಟ್ರ್ಯಾಕಿನ ಬದಲು ನಮ್ಮ ಜಿಲ್ಲೆಯಲ್ಲೇ ಇರುವ ತಬಲಾ, ಕೊಳಲು, ಹಾರ್ಮೋನಿಯಂ ನುಡಿಸುವವರನ್ನು ಕರೆಸಲಿ. ಅವರಿಗೆ ಕೊಡುವ ಸಂಭಾವನೆ ಹಾರ ಶಾಲುಗಳ ಖರ್ಚಿಗಿಂತ ಹೆಚ್ಚಾಗಲಾರದು. ಸೌಂಡಿನವರಿಗೆ ಎಕೋ ಇಳಿಸಲು ಹೇಳಿ, ಮೈದಾನದ ಹಿಂದಿನ ಸಾಲಿನಲ್ಲಿ ಒಬ್ಬರು ನಿಂತು, ಪದ ತಿಳಿಯುತ್ತಿದೆಯೇ ಎಂದು ಕೇಳಿಸಿಕೊಳ್ಳಲಿ. ಕವಿಯ ಹೆಸರನ್ನು ಹಾಡಿಗೆ ಮೊದಲು ಹೇಳಲಿ. ಭದ್ರಾವತಿಯ ಆಕಾಶವಾಣಿಯವರಲ್ಲಿ ನನ್ನ ಕೋರಿಕೆಯೂ ಇಷ್ಟೇ: ನಮ್ಮ ಸೀಮೆಯ ಗಾಯಕರು ನಿಮ್ಮ ಸ್ಟುಡಿಯೋದಲ್ಲಿ ಹಾಡಿ ಹೋದದ್ದರಲ್ಲಿ ಉಳಿದಿರುವುದನ್ನೆಲ್ಲ, ಹಾಡಿದ ವರ್ಷವನ್ನೂ ಕವಿಯ ಹೆಸರನ್ನೂ ಹೇಳಿ, ವಾರಕ್ಕೊಮ್ಮೆಯಾದರೂ ಮತ್ತೆ ಕೇಳಿಸಿ.

ಊರ ಮನೆಯಲ್ಲಿ ತಮ್ಮ ಈಗ ಅಡಿಕೆ ಸುಲಿಯುವ ಮೆಷಿನ್ ತಂದಿದ್ದಾನೆ, ಜಗಲಿ ಖಾಲಿಯಿದೆ. ಬರುವ ಕೊಯ್ಲಿನ ಒಂದು ಭಾನುವಾರ ಸಂಜೆ, ಮೆಷಿನ್ ನಿಲ್ಲಿಸಿದ ಮೇಲೆ, ಅದೇ ಜಗಲಿಯಲ್ಲಿ ಮೈಕ್ ಇಲ್ಲದೆ ಎಂಟು ಭಾವಗೀತೆ ಹಾಡಿಸಬೇಕೆಂದಿದ್ದೇವೆ. ಉತ್ಸವದಲ್ಲಿ ಎರಡೇ ಹಾಡು ಹಾಡಿ ಇಳಿದು ಹೋದಳಲ್ಲ, ಆ ಹುಡುಗಿಯನ್ನು ಹುಡುಕಿ ಒಪ್ಪಿಸಿದ್ದೇನೆ. ತಬಲಾಕ್ಕೆ ತೀರ್ಥಹಳ್ಳಿಯಿಂದ ಒಬ್ಬರು ಬರುತ್ತಾರೆ. ಎಂಟೂ ಕವಿತೆಗಳನ್ನು ಕವಿಗಳ ಹೆಸರಿನೊಂದಿಗೆ ತಂಗಿಯ ಮಗಳು ಟೈಪ್ ಮಾಡುತ್ತಿದ್ದಾಳೆ. ಜಗಲಿಯಲ್ಲಿ ನಲವತ್ತು ಜನರಿಗೆ ಜಾಗವಿದೆ, ನಲವತ್ತು ಪ್ರತಿ ಜೆರಾಕ್ಸ್ ಮಾಡಿಸುತ್ತೇನೆ. ಬರುವವರು ಮೊದಲೇ ತಿಳಿಸಿದರೆ ಊಟಕ್ಕೆ ಎಲೆ ಹಾಕಲು ಅನುಕೂಲ.