ಕೆಂಚಿ ಕೊಟ್ಟ ಸಿಹಿಸುದ್ದಿ

ಮದುವೆಯಾಗಿ ಎರಡು ವರ್ಷ ಕಳೆದ ಸೊಸೆಯ ಹೊಟ್ಟೆಯ ಮೇಲೆ ಯಾರ ಯಾರ ಕಣ್ಣಿರುತ್ತದೆ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಅತ್ತೆಯವರು, ಎದುರು ಮನೆಯವರು, ಬೆಳಿಗ್ಗೆ ಹೂವು ತರುವಾಕೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ಗುರುತು ಪರಿಚಯವಿಲ್ಲದ ಹೆಂಗಸು, ಇವರೆಲ್ಲರೂ ‘ಏನಾದರೂ ವಿಶೇಷ ಉಂಟೇ?’ ಎಂದು ಕೇಳುವ ಹಕ್ಕನ್ನು ಯಾವುದೋ ಕಾಲದಲ್ಲಿ ಸನ್ನದು ಬರೆಸಿಕೊಂಡು ಪಡೆದವರಂತೆ ಕೇಳುತ್ತಿದ್ದರು. ಆದರೆ ಆ ವರ್ಷದ ಶ್ರಾವಣದಲ್ಲಿ ನಮ್ಮ ಮೈಸೂರಿನ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ತಾನಾಗಿ ಹೊತ್ತುಕೊಂಡವಳು ಕೆಂಚಿ.

ಕೆಂಚಿ ನಮ್ಮ ನಾಯಿ. ಮರಿಯಾಗಿದ್ದಾಗ ಮಳೆಯಲ್ಲಿ ನೆನೆದು ನಮ್ಮ ಗೇಟಿನೊಳಗೆ ನುಗ್ಗಿ, ಬಿಸಿ ಹಾಲು ಕುಡಿದು, ಆಮೇಲೆ ಹೋಗುವ ಮಾತನ್ನೇ ಎತ್ತದವಳು. ಅದುವರೆಗೆ ನನ್ನನ್ನು ಅನ್ನ ಹಾಕುವ ಒಂದು ಸೌಕರ್ಯವೆಂದಷ್ಟೇ ಪರಿಗಣಿಸಿದ್ದ ಅವಳು ಒಂದು ದಿನ ಇದ್ದಕ್ಕಿದ್ದಂತೆ ನನ್ನ ಹಿಂದೆಯೇ ಸುತ್ತತೊಡಗಿದಳು. ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಕುಳಿತರೆ ಮಡಿಲಲ್ಲಿ ತಲೆಯಿಟ್ಟು ದೀರ್ಘವಾಗಿ ನಿಟ್ಟುಸಿರು ಬಿಡುತ್ತಿದ್ದಳು. ನಮ್ಮವರು ಹತ್ತಿರ ಬಂದರೆ ಗುರ್ ಎನ್ನುತ್ತಿದ್ದಳು. ಮೂರನೆಯ ದಿನ ಅತ್ತೆಯವರ ಹಳೆಯ ರೇಷ್ಮೆ ಸೀರೆಯೊಂದನ್ನು ಮಂಚದ ಕೆಳಗೆ ಎಳೆದುಕೊಂಡು ಹೋಗಿ, ಕೆರೆದು, ಸುತ್ತಿ ಸುತ್ತಿ ಗೂಡು ಮಾಡಿ, ಅದರ ನಡುವೆ ನನ್ನ ಎಡಗಾಲಿನ ಹವಾಯಿ ಚಪ್ಪಲಿಯನ್ನು ಮಲಗಿಸಿದಳು.

ಬೇರೆ ದಿನವಾಗಿದ್ದರೆ ಆ ಸೀರೆಗಾಗಿ ಮನೆಯಲ್ಲಿ ಕುರುಕ್ಷೇತ್ರವೇ ನಡೆಯುತ್ತಿತ್ತು. ಅತ್ತೆಯವರು ಮಾತ್ರ ಬಗ್ಗಿ ಮಂಚದ ಕೆಳಗೆ ನೋಡಿ, ಎದ್ದು ನಿಂತು, ನನ್ನ ಮುಖವನ್ನೇ ದಿಟ್ಟಿಸಿ, ‘ನಾಯಿಗೆ ಎಲ್ಲ ಮೊದಲೇ ಗೊತ್ತಾಗುತ್ತದೆ ಕಣಮ್ಮಾ. ಕೂಸಿಗೆ ಜಾಗ ಮಾಡುತ್ತಿದೆ’ ಎಂದರು. ಅಂದು ಸಂಜೆ ನನಗೆ ಒಂದು ಲೋಟ ಕೇಸರಿ ಹಾಲು ಸಿಕ್ಕಿತು. ಮದುವೆಯ ದಿನದ ನಂತರ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಕೇಸರಿ ಅದು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯ ಕಿಟ್ ತಂದು ಪರೀಕ್ಷಿಸಿದಾಗ ಒಂದೇ ಗೆರೆ ಬಂದಿತು. ಅದನ್ನು ತೋರಿಸಿದಾಗ ಅತ್ತೆಯವರು ಕನ್ನಡಕವನ್ನೂ ಹಾಕಿಕೊಳ್ಳದೆ, ‘ಆ ಪ್ಲಾಸ್ಟಿಕ್ ಕಡ್ಡಿಗೆ ಏನು ತಿಳಿಯುತ್ತದೆ? ಕೆಂಚಿ ಸುಳ್ಳು ಹೇಳುತ್ತಾಳೆಯೇ?’ ಎಂದು ಕೇಳಿದರು. ಜೀವಶಾಸ್ತ್ರ ಓದಿದವಳೆಂಬ ಹೆಮ್ಮೆಯಿಂದ ನಾನು ಆಗ ಒಂದು ತಪ್ಪು ಮಾಡಿದೆ. ಅವರಿಗೆ ತಿಳಿಹೇಳಲು ಹೊರಟೆ. ಗರ್ಭ ಕಟ್ಟಿದ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ಉತ್ಪತ್ತಿಯಾಗಿ ಮೂತ್ರದಲ್ಲಿ ಸೇರುತ್ತದೆಂದೂ, ಕಡ್ಡಿ ಹಿಡಿಯುವುದು ಅದನ್ನೇ ಎಂದೂ, ಕಡ್ಡಿ ಇಲ್ಲದ ಕಾಲದಲ್ಲಿ ಇದಕ್ಕೆ ಪ್ರಾಣಿಗಳನ್ನೇ ಬಳಸುತ್ತಿದ್ದರೆಂದೂ ವಿವರಿಸಿದೆ. 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಜೊಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಆಮೇಲೆ ಅವುಗಳನ್ನು ಕೊಯ್ದು ಅಂಡಾಶಯ ನೋಡಿ ಫಲಿತಾಂಶ ಹೇಳುತ್ತಿದ್ದರು. ಅನಂತರ ಮೊಲದ ಸರದಿ ಬಂತು. 1930ರ ದಶಕದಿಂದ ಆಫ್ರಿಕಾದ ಒಂದು ಜಾತಿಯ ಕಪ್ಪೆ ಈ ಕೆಲಸಕ್ಕೆ ನೇಮಕವಾಯಿತು. ಲ್ಯಾನ್ಸ್‌ಲಾಟ್ ಹಾಗ್ಬೆನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಆ ಪರೀಕ್ಷೆಯಲ್ಲಿ ಬಸುರಿಯ ಮೂತ್ರವನ್ನು ಚುಚ್ಚಿಸಿಕೊಂಡ ಹೆಣ್ಣು ಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು, ಸಾಯಬೇಕಾಗಿಯೂ ಇರಲಿಲ್ಲ, ಕೆಲವು ದಿನ ವಿಶ್ರಾಂತಿ ಪಡೆದು ಮತ್ತೆ ಕೆಲಸಕ್ಕೆ ಹಾಜರಾಗುತ್ತಿತ್ತು.

ಅತ್ತೆಯವರು ಬೀನ್ಸಿನ ನಾರು ತೆಗೆಯುತ್ತಲೇ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ‘ಅಲ್ಲಮ್ಮಾ, ಕಪ್ಪೆಗೇ ಗೊತ್ತಾಗುವುದಾದರೆ ನಾಯಿಗೆ ಗೊತ್ತಾಗುವುದಿಲ್ಲವೇ?’ ಎಂದರು. ನಾನು ಆ ದಿನ ಮತ್ತೆ ಮಾತನಾಡಲಿಲ್ಲ.

ನಿಜ ಹೇಳಬೇಕೆಂದರೆ ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇವೆಯೆಂದು ಲೆಕ್ಕ ಹಾಕಿದ್ದಾರೆ. ಮಧುಮೇಹಿಗಳ ರಕ್ತದಲ್ಲಿ ಸಕ್ಕರೆ ಇಳಿದಾಗ ಎಚ್ಚರಿಸುವಂತೆ ನಾಯಿಗಳನ್ನು ಪಳಗಿಸುತ್ತಾರೆ. 2020ರಲ್ಲಿ ಹೆಲ್ಸಿಂಕಿಯ ವಿಮಾನ ನಿಲ್ದಾಣದಲ್ಲಿ ಕೊರೋನಾ ಸೋಂಕನ್ನು ಮೂಸಿ ಹೇಳುವ ಕೆಲಸಕ್ಕೂ ನಾಯಿಗಳನ್ನು ನಿಲ್ಲಿಸಿದ್ದರು. ಹೀಗಿರುವಾಗ ಬಸುರಿಯ ಮೈಯಲ್ಲಿ ಏರುವ ಹಾರ್ಮೋನುಗಳಿಂದ ವಾಸನೆ ಒಂದಿಷ್ಟು ಬದಲಾದರೆ ಅದು ನಾಯಿಯ ಮೂಗಿಗೆ ತಾಗುವುದು ಅಸಂಭವವೇನಲ್ಲ. ಆದರೆ ತಾಗಿದ ವಾಸನೆಯನ್ನು ನಾಯಿ ‘ಬಸಿರು’ ಎಂದು ಅರ್ಥಮಾಡಿಕೊಂಡು ತೊಟ್ಟಿಲಿನ ಏರ್ಪಾಟಿಗೆ ಇಳಿಯುತ್ತದೆ ಎಂಬುದು ಬೇರೆಯೇ ಮಾತು. ಬಸುರಿಯನ್ನು ಕಂಡ ಹಾವಿಗೆ ಕಣ್ಣು ಕಾಣುವುದಿಲ್ಲ ಎಂದು ನಮ್ಮ ಅಜ್ಜಿ ನಂಬಿದ್ದರು; ಹಾವಿನ ನೇತ್ರಪರೀಕ್ಷೆಯನ್ನು ಮಾಡಿದವರು ಯಾರೆಂದು ನಾವು ಕೇಳಲಿಲ್ಲ.

ಹತ್ತು ದಿನಗಳಲ್ಲಿ ಗೂಡಿಗೆ ಇನ್ನೂ ಎರಡು ಚಪ್ಪಲಿ, ಒಂದು ಸೌಟು ಮತ್ತು ಪಕ್ಕದ ಮನೆಯ ಮಗುವಿನ ರಬ್ಬರ್ ಬಾತುಕೋಳಿ ಸೇರಿದವು. ಕೆಂಚಿ ಊಟ ಬಿಟ್ಟಳು. ಗಾಬರಿಯಾಗಿ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಅವರು ಹೊಟ್ಟೆಯನ್ನು ಮುಟ್ಟಿ ನೋಡಿ, ಮೊಲೆತೊಟ್ಟುಗಳಲ್ಲಿ ಹಾಲು ತುಂಬಿರುವುದನ್ನು ತೋರಿಸಿ, ‘ಬೆದೆಗೆ ಬಂದು ಎಷ್ಟು ದಿನವಾಯಿತು?’ ಎಂದು ಕೇಳಿದರು. ಸುಮಾರು ಎರಡು ತಿಂಗಳಾಗಿತ್ತು. ಗಂಡುನಾಯಿಯ ಸಂಗವಾಗಲಿ ಆಗದಿರಲಿ, ಬೆದೆಯ ನಂತರ ಹೆಣ್ಣುನಾಯಿಯ ಮೈಯಲ್ಲಿ ಬಸಿರನ್ನು ಕಾಯುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸುಮಾರು ಎರಡು ತಿಂಗಳು ಏರಿಯೇ ಇರುತ್ತದೆಯಂತೆ. ಅದು ಇಳಿದು ಹಾಲು ತರಿಸುವ ಪ್ರೊಲ್ಯಾಕ್ಟಿನ್ ಏರಿದಾಗ ಕೆಲವು ನಾಯಿಗಳು ತಾವು ಮರಿ ಹಾಕಿದ್ದೇವೆಂದೇ ತಿಳಿದು ಗೂಡು ಕಟ್ಟಿ, ಸಿಕ್ಕಿದ ವಸ್ತುಗಳನ್ನು ಮರಿಗಳೆಂದು ಕಾಯುತ್ತವೆಯಂತೆ. ಅದಕ್ಕೆ ಹುಸಿ ಬಸಿರು ಎಂದು ಹೆಸರು. ಅಂದರೆ ಕೆಂಚಿ ನನ್ನ ಬಸಿರನ್ನು ಪತ್ತೆಹಚ್ಚಿರಲಿಲ್ಲ. ತನ್ನದೇ ಇಲ್ಲದ ಬಸಿರನ್ನು ಪತ್ತೆಹಚ್ಚಿದ್ದಳು. ಎರಡು ಹಾರ್ಮೋನುಗಳ ಗೊಂದಲದಲ್ಲಿ ನನಗೆ ಒಂದು ಲೋಟ ಕೇಸರಿ ಹಾಲು ದಕ್ಕಿತ್ತು, ಅಷ್ಟೆ.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ರಾತ್ರಿ ತೀರ್ಥಹಳ್ಳಿಯ ಕಡೆಯಿಂದ ದೊಡ್ಡತ್ತೆ, ಎಂದರೆ ಅತ್ತೆಯವರ ಅಕ್ಕ, ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ಮಂದ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಮೆಟ್ಟಿಲ ಮೇಲೆ, ಅದೂ ಗಾಳಿ ಈಕಡೆಗೆ ಬೀಸಿದರೆ. ನಮ್ಮವರಿಗೆ ನಾಯಿಯನ್ನು ‘ಅವಳು’ ಎಂದೇ ಕರೆಯುವ ಅಭ್ಯಾಸ. ‘ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು ದೊಡ್ಡಮ್ಮ, ಹುಸಿ ಬಸಿರಂತೆ’ ಎಂದದ್ದರಲ್ಲಿ ‘ಹುಸಿ’ ಎಂಬ ಎರಡು ಅಕ್ಷರಗಳು ಆಗುಂಬೆಯ ಮಳೆಯಲ್ಲಿ ಎಲ್ಲೋ ಕೊಚ್ಚಿಹೋದವು. ಉಳಿದದ್ದು ಮಾತ್ರ ಸ್ಪಷ್ಟವಾಗಿ ತಲುಪಿತು. ‘ಊಟ ಕಡಿಮೆ ಮಾಡಿ ಎಂದಿದ್ದಾರೆ. ಬೆಳಿಗ್ಗೆ ಸಂಜೆ ಚೆನ್ನಾಗಿ ಓಡಿಸಬೇಕಂತೆ. ಎಲ್ಲರ ಮೇಲೂ ಗುರುಗುಟ್ಟುತ್ತಾಳೆ, ಅದಕ್ಕೇ ಎರಡು ದಿನದಿಂದ ಹಿತ್ತಿಲಲ್ಲಿ ಕಟ್ಟಿಹಾಕಿದ್ದೆವು.’

ಆ ಕಡೆಯಿಂದ ಬಂದ ಮೌನವನ್ನು ನಮ್ಮವರು ಸಿಗ್ನಲ್ ಹೋಯಿತೆಂದು ತಿಳಿದು ಫೋನ್ ಇಟ್ಟರು.

ಮರುದಿನ ಮೊದಲ ಬಸ್ಸು ಹಿಡಿದ ದೊಡ್ಡತ್ತೆ ಸಂಜೆಗೆ ನಮ್ಮ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಇನ್ನೊಂದು ಕೈಯಲ್ಲಿ ನೆಲ್ಲಿಕಾಯಿ, ತುಪ್ಪ, ಜೇನು ತುಂಬಿದ ಚೀಲ. ಅಕ್ಕ ಎಂದು ಓಡಿಬಂದ ಅತ್ತೆಯವರನ್ನು ಪಕ್ಕಕ್ಕೆ ಸರಿಸಿ, ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದು ಹಗ್ಗದ ಗುರುತಿದೆಯೇ ಎಂದು ನೋಡಿದರು. ಆಮೇಲೆ ನಮ್ಮವರ ಕಡೆಗೆ ತಿರುಗಿ, ‘ಬಸುರಿಗೆ ಅನ್ನ ಕಡಿಮೆ ಮಾಡಿ ಓಡಿಸುತ್ತೀಯೇನೋ? ನಮ್ಮ ಮನೆತನದಲ್ಲಿ ಇಂಥವನು ಹುಟ್ಟಿದ್ದನ್ನು ನಾನು ಈ ಕಣ್ಣಿನಿಂದ ನೋಡಬೇಕಾಯಿತೇ?’ ಎಂದು ಕೇಳಿದರು. ವಿಷಯ ತಿಳಿಯಾಗಲು ಅರ್ಧ ಗಂಟೆ ಬೇಕಾಯಿತು. ತಿಳಿಯಾದ ಮೇಲೂ ಅವರು ತಂದ ತುಪ್ಪವನ್ನು ವಾಪಸು ಒಯ್ಯಲಿಲ್ಲ. ಬಯಕೆಯೇ ಇಲ್ಲದೆ ಬಂದ ಆ ಅಪ್ಪೆಮಿಡಿಯನ್ನು ನಾನು ಒಂದು ತಿಂಗಳು ತಿಂದೆ. ಕೆಂಚಿಯ ಹಾಲು ಇಳಿದು ಅವಳು ಪೂರ್ತಿ ಸರಿಯಾದ ಮೇಲೆ ವೈದ್ಯರ ಸಲಹೆಯಂತೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಚಪ್ಪಲಿಗಳು ಅನಾಥವಾಗಿ ಬಾಗಿಲಿಗೆ ಮರಳಿದವು.

ನಾನು ನಿಜವಾಗಿ ಬಸುರಿಯಾದದ್ದು ಮುಂದಿನ ಯುಗಾದಿಯ ಹೊತ್ತಿಗೆ. ಕಡ್ಡಿಯ ಮೇಲೆ ಎರಡು ಗೆರೆಗಳು ಮೂಡಿದ ಆ ಬೆಳಿಗ್ಗೆ ಕೆಂಚಿ ಕಾಲು ಚಾಚಿ ಮಲಗಿದ್ದಳು. ನಾನು ಹತ್ತಿರ ಹೋಗಿ ಕುಳಿತೆ. ಒಂದು ಕಣ್ಣು ತೆರೆದು, ಕೈಯಲ್ಲಿ ಬಿಸ್ಕತ್ತು ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮತ್ತೆ ಮುಚ್ಚಿದಳು. ಆರು ವಾರಗಳ ಮೇಲೆ, ವಾಂತಿಯ ದೆಸೆಯಿಂದ ನಾನು ಹಾಸಿಗೆ ಬಿಟ್ಟು ಏಳದಂತಾಗಿ ಅವಳ ಬೆಳಗಿನ ತಿಂಡಿ ಎರಡು ಗಂಟೆ ತಡವಾಗತೊಡಗಿದಾಗ, ಮನೆಯಲ್ಲಿ ಏನೋ ಆಗಿದೆಯೆಂದು ಅವಳಿಗೆ ಹೊಳೆಯಿತು. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆಯೊಂದಿತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ, ಅದು ಲೆಕ್ಕ ಮಾಡುತ್ತಿಲ್ಲ, ಕೇಳಿದವರ ತಲೆಯ ಸೂಕ್ಷ್ಮ ಚಲನೆಯನ್ನು ನೋಡಿ ಬಡಿಯುವುದನ್ನು ನಿಲ್ಲಿಸುತ್ತದೆ ಎಂದು ತೋರಿಸಿಕೊಟ್ಟ. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಕೆಂಚಿಯೂ ಅದೇ ಶಾಲೆಯಲ್ಲಿ ಓದಿದವಳು.

ನಮ್ಮ ಮನೆಯಲ್ಲಿ ಒಂದು ಬೆಕ್ಕೂ ಇತ್ತು; ಅದರ ವಿಷಯದಲ್ಲಿ ಮಾತ್ರ ನನಗೆ ಲಾಭವಾಯಿತು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ತಗಲುವ ಸಾಧ್ಯತೆಯಿರುವುದರಿಂದ ಬಸುರಿ ಅದರ ಮರಳಿನ ತಟ್ಟೆಯನ್ನು ಮುಟ್ಟಬಾರದು, ಬೇರೆಯವರು ದಿನವೂ ತಪ್ಪದೆ ತೆಗೆಯಬೇಕು ಎಂದು ವೈದ್ಯರು ಹೇಳಿದರು. ಹೀಗೆ ಬಸಿರಿನ ವಾಸನೆ ನಮ್ಮ ಮನೆಯಲ್ಲಿ ನಿಜವಾಗಿ ತಟ್ಟಿದ್ದು ನಮ್ಮವರ ಮೂಗಿಗೆ, ಪ್ರತಿದಿನ ಬೆಳಿಗ್ಗೆ ಏಳಕ್ಕೆ.

ಏಳನೆಯ ತಿಂಗಳಲ್ಲಿ ಸೀಮಂತವಾಯಿತು. ಹಸಿರು ಬಳೆ ತೊಟ್ಟು ನಾನು ಕುಳಿತಿದ್ದಾಗ ಬಂದವರಲ್ಲೊಬ್ಬರು, ‘ನಾಯಿಗಳಿಗೆ ಮೊದಲೇ ತಿಳಿಯುತ್ತದಂತಲ್ಲ, ನಿಮ್ಮದಕ್ಕೆ ತಿಳಿದಿತ್ತೇ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, ‘ತಿಳಿಯದೆ ಏನು? ಹೋದ ವರ್ಷದ ಶ್ರಾವಣದಲ್ಲೇ ತಿಳಿದಿತ್ತು. ನನ್ನ ರೇಷ್ಮೆ ಸೀರೆಯಲ್ಲೇ ತೊಟ್ಟಿಲು ಕಟ್ಟಿದ್ದಳು’ ಎಂದರು. ಕೇಳಿದವರು ಬೆರಳು ಮಡಚಿ ಎಣಿಸಿ, ‘ಈಗ ಏಳು ತಿಂಗಳಲ್ಲವೇ?’ ಎಂದು ಅನುಮಾನಿಸಿದಾಗ, ‘ಅವಳಿಗೆ ಮುಂದಾಲೋಚನೆ ಹೆಚ್ಚು’ ಎಂದುಬಿಟ್ಟರು.

ಅಷ್ಟು ಕೇಳಿದ್ದೇ ತಡ, ಆಕೆ ಮೂಲೆಯಲ್ಲಿ ಕೋಸಂಬರಿ ತಿನ್ನುತ್ತಿದ್ದ ತಮ್ಮ ಹೊಸ ಸೊಸೆಯನ್ನು ಕರೆದು ಕೆಂಚಿಯ ಪಕ್ಕದಲ್ಲಿ ಕೂರಿಸಿದರು. ಹುಡುಗಿ ನನ್ನ ಕಡೆಗೆ ಒಮ್ಮೆ ದೀನವಾಗಿ ನೋಡಿದಳು. ಕೆಂಚಿ ಎದ್ದು ಮೈಮುರಿದು, ಅವಳ ಪಾದದಿಂದ ಮೊಣಕಾಲಿನವರೆಗೆ ಶ್ರದ್ಧೆಯಿಂದ ಮೂಸಿ, ಗಂಭೀರವಾಗಿ ಬಾಗಿಲ ಬಳಿಗೆ ನಡೆದು, ಅಲ್ಲಿದ್ದ ಮೂವತ್ತು ಜೊತೆಗಳ ನಡುವಿನಿಂದ ಒಂದು ಚಪ್ಪಲಿಯನ್ನು ಆರಿಸಿ ಕಚ್ಚಿಕೊಂಡು ಮಂಚದ ಕೆಳಗೆ ಹೋದಳು. ಹೆಂಗಸರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಚಪ್ಪಲಿ ನಮ್ಮ ಪುರೋಹಿತರದು ಎಂಬುದು ತಿಳಿದದ್ದು ಅವರು ದಕ್ಷಿಣೆ ಪಡೆದು ಹೊರಟು ನಿಂತಾಗ.